ರಾಕ್ ನದಿಯ ತಿರುವಿನಲ್ಲೊಂದು ಹಳ್ಳಿ: ಗ್ರ್ಯಾಂಡ್ ಡಿಟೂರ್ ಮತ್ತು ಉಕ್ಕಿನ ನೇಗಿಲು

ಮಾನ್ಯ ಸಭಿಕರೇ,

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹೊರಿಕಾನ್ ಎಂಬ ಜೌಗು ಪ್ರದೇಶದಲ್ಲಿ ಹುಟ್ಟುವ ರಾಕ್ ನದಿಯು ಸುಮಾರು 480 ಕಿಲೋಮೀಟರ್ ಹರಿದು, ಇಲಿನಾಯ್ ರಾಜ್ಯದ ಪಶ್ಚಿಮದ ಗಡಿಯಲ್ಲಿ ಮಿಸಿಸಿಪ್ಪಿಯನ್ನು ಸೇರುತ್ತದೆ. ಇಲಿನಾಯ್‌ನ ಓಗಲ್ ಕೌಂಟಿಯಲ್ಲಿ ಈ ನದಿ ನೇರವಾಗಿ ಸಾಗದೆ, ಕುದುರೆಯ ಲಾಳದ ಆಕಾರದಲ್ಲಿ ದೊಡ್ಡದಾಗಿ ಸುತ್ತಿ ಬರುವ ಒಂದು ಜಾಗವಿದೆ. ತುಪ್ಪಳದ ವ್ಯಾಪಾರಕ್ಕಾಗಿ ದೋಣಿಗಳಲ್ಲಿ ಓಡಾಡುತ್ತಿದ್ದ ಫ್ರೆಂಚರು ಆ ದೊಡ್ಡ ಸುತ್ತನ್ನೇ ಹೆಸರಾಗಿಸಿ ಅದನ್ನು ಗ್ರ್ಯಾಂಡ್ ಡಿಟೂರ್ ಎಂದು ಕರೆದರು. ಇಂದು ಅಲ್ಲಿರುವುದು ಕೆಲವೇ ನೂರು ಜನರ ಹಳ್ಳಿ. ಆದರೆ 1837ರಿಂದ 1848ರವರೆಗಿನ ಹನ್ನೊಂದು ವರ್ಷಗಳಲ್ಲಿ ಆ ಹಳ್ಳಿಯ ಕುಲುಮೆಯೊಂದರಲ್ಲಿ ನಡೆದ ಕೆಲಸವು ಅಮೆರಿಕದ ಬೇಸಾಯವನ್ನು ಬದಲಿಸಿತು, ಮತ್ತು ಅಲ್ಲಿ ಹುಟ್ಟಿದ ಉದ್ಯಮದ ಹೆಸರು ಇಂದು ನಮ್ಮ ಹಾವೇರಿ, ಧಾರವಾಡ, ರಾಯಚೂರುಗಳ ಹೊಲಗಳಲ್ಲಿ ಓಡುವ ಹಸಿರು ಹಳದಿ ಬಣ್ಣದ ಟ್ರ್ಯಾಕ್ಟರುಗಳ ಮೇಲಿದೆ. ಜಾನ್ ಡೀರ್ ಎಂಬ ಆ ಹೆಸರನ್ನು ಬಲ್ಲವರು ಲಕ್ಷಾಂತರ ಮಂದಿ. ಆ ಹೆಸರಿಗೆ ನೆಲೆ ಕೊಟ್ಟ ಊರನ್ನು ಬಲ್ಲವರು ತೀರ ಕಡಿಮೆ.

ನದಿಯ ದಡದಲ್ಲಿ ಕಟ್ಟಿದ ಊರಿಗೆ ನದಿಯು ಎರಡು ರೀತಿಯಲ್ಲಿ ಒದಗಿಬರಬಲ್ಲದು. ಅದರ ಹರಿವಿಗೆ ಒಡ್ಡು ಕಟ್ಟಿದರೆ ಗಿರಣಿ ತಿರುಗಿಸುವ ಬಲ ಸಿಗುತ್ತದೆ; ಅದರಲ್ಲಿ ಹಡಗು ಓಡುವಷ್ಟು ಆಳವಿದ್ದರೆ ಸರಕು ಸಾಗಿಸುವ ದಾರಿ ಸಿಗುತ್ತದೆ. ಇವೆರಡನ್ನೂ ಒಂದೇ ಎಂಬಂತೆ ನೋಡುವುದು ಊರುಗಳ ಚರಿತ್ರೆ ಬರೆಯುವವರಲ್ಲಿ ಸಾಮಾನ್ಯವಾಗಿ ಕಾಣುವ ಅಭ್ಯಾಸ. ರಾಕ್ ನದಿ ಗ್ರ್ಯಾಂಡ್ ಡಿಟೂರಿಗೆ ಮೊದಲನೆಯದನ್ನು ಕೊಟ್ಟಿತು, ಎರಡನೆಯದನ್ನು ಕೊಡಲಿಲ್ಲ. ಆ ಹಳ್ಳಿ ಎದ್ದದ್ದಕ್ಕೂ ಮುಂದೆ ಅದರ ಬೆಳವಣಿಗೆ ನಿಂತದ್ದಕ್ಕೂ ಮುಖ್ಯ ಕಾರಣ ಇದೇ ಎಂಬುದು ಇಂದು ನಾನು ನಿಮ್ಮ ಮುಂದೆ ಇಡಬಯಸುವ ಮಾತು.

ಊರಿನ ಸ್ಥಾಪನೆಯ ಕತೆಯನ್ನು ಅಲ್ಲಿಗೆ ಬಂದ ಮೊದಲ ಬಿಳಿಯ ವಲಸಿಗನಿಂದ ಆರಂಭಿಸುವುದು ವಾಡಿಕೆ. ಅದು ಸರಿಯಲ್ಲ. ರಾಕ್ ನದಿಯ ಕಣಿವೆಯಲ್ಲಿ ಸೌಕ್, ಮೆಸ್ಕ್ವಾಕಿ, ಹೋ-ಚಂಕ್ ಮತ್ತು ಪೊಟವಾಟಮಿ ಎಂಬ ಮೂಲನಿವಾಸಿ ಜನರು ಬಾಳುತ್ತಿದ್ದರು. ನದಿಯು ಮಿಸಿಸಿಪ್ಪಿಯನ್ನು ಸೇರುವಲ್ಲಿ ಸೌಕ್ ಜನರ ಸೌಕೆನುಕ್ ಎಂಬ ದೊಡ್ಡ ಊರಿತ್ತು, ಅದರ ಸುತ್ತ ನೂರಾರು ಎಕರೆ ಮೆಕ್ಕೆಜೋಳದ ಹೊಲಗಳಿದ್ದವು. ಆ ಹೊಲಗಳನ್ನು ನೋಡಿಕೊಳ್ಳುತ್ತಿದ್ದವರು ಹೆಂಗಸರು. ನದಿಯ ಬಯಲಿನ ಸಡಿಲವಾದ ಮೆಕ್ಕಲು ಮಣ್ಣನ್ನು ಗುದ್ದಲಿಯಂಥ ಸಲಕರಣೆಗಳಿಂದಲೇ ಹದ ಮಾಡಿ, ಜೋಳದ ಜೊತೆಗೆ ಅವರೆ, ಕುಂಬಳ ಬೆಳೆಯುವ ಬೇಸಾಯ ಅವರದು. 1804ರಲ್ಲಿ ಸೌಕ್ ಜನರ ಕೆಲವೇ ಮಂದಿ, ಇಡೀ ಸಮುದಾಯದ ಒಪ್ಪಿಗೆಯಿಲ್ಲದೆ, ಸಹಿ ಹಾಕಿದ ಒಂದು ಒಪ್ಪಂದವನ್ನು ಮುಂದಿಟ್ಟುಕೊಂಡು ಅಮೆರಿಕದ ಸರಕಾರ ಈ ಭೂಮಿಯ ಮೇಲೆ ಹಕ್ಕು ಸಾಧಿಸಿತು. ಆ ಒಪ್ಪಂದವನ್ನು ಎಂದೂ ಒಪ್ಪದ ನಾಯಕ ಬ್ಲ್ಯಾಕ್ ಹಾಕ್, 1832ರ ಏಪ್ರಿಲ್‌ನಲ್ಲಿ ಹೆಂಗಸರು ಮಕ್ಕಳು ಸೇರಿದಂತೆ ಸುಮಾರು ಸಾವಿರ ಜನರೊಡನೆ ಮಿಸಿಸಿಪ್ಪಿಯನ್ನು ದಾಟಿ ತನ್ನ ನೆಲಕ್ಕೆ ಮರಳಿದರು. ಮೇ 14ರಂದು ಇದೇ ಓಗಲ್ ಕೌಂಟಿಯ ಸ್ಟಿಲ್‌ಮನ್ ವ್ಯಾಲಿಯ ಬಳಿ ಮೊದಲ ಘರ್ಷಣೆ ನಡೆಯಿತು. ಆಗಸ್ಟ್ ಮೊದಲ ವಾರದೊಳಗೆ, ಬ್ಯಾಡ್ ಆ್ಯಕ್ಸ್ ಎಂಬಲ್ಲಿ ನದಿ ದಾಟಿ ಹಿಂದಿರುಗಲು ಹವಣಿಸುತ್ತಿದ್ದ ಆ ಜನರ ಕಗ್ಗೊಲೆಯೊಂದಿಗೆ ಎಲ್ಲವೂ ಮುಗಿಯಿತು. ಮುಂದೆ ಅಧ್ಯಕ್ಷನಾದ ಅಬ್ರಹಾಂ ಲಿಂಕನ್ ಆಗ ಇಪ್ಪತ್ತಮೂರರ ತರುಣ. ಆ ಯುದ್ಧದ ಸ್ವಯಂಸೇವಕ ಪಡೆಯೊಂದರಲ್ಲಿ ಅವರು ಕ್ಯಾಪ್ಟನ್ ಆಗಿದ್ದರು.

ಈ ಯುದ್ಧದಿಂದ ಎರಡು ಪರಿಣಾಮಗಳಾದವು. ಕಣಿವೆಯ ಮೂಲನಿವಾಸಿಗಳು ಹೊರದೂಡಲ್ಪಟ್ಟರು. ಜೊತೆಗೆ, ಕಾಳಗಕ್ಕೆಂದು ಪೂರ್ವದಿಂದಲೂ ದಕ್ಷಿಣ ಇಲಿನಾಯ್‌ನಿಂದಲೂ ಬಂದ ಸೈನಿಕರು ಈ ಸೀಮೆಯ ಕಾಡು, ನೀರು, ಎದೆಮಟ್ಟದ ಹುಲ್ಲುಗಾವಲುಗಳನ್ನು ಕಣ್ಣಾರೆ ಕಂಡು, ಊರಿಗೆ ಮರಳಿ ಬಾಯಿತುಂಬ ಹೇಳಿದರು. ಹೀಗಾಗಿ ಯುದ್ಧ ಮುಗಿದ ಎರಡೇ ವರ್ಷಗಳಲ್ಲಿ ಭೂಮಿ ಅರಸುವವರು ಬರಲಾರಂಭಿಸಿದರು.

ಅಂಥವರಲ್ಲಿ ಒಬ್ಬರು ಲೆನರ್ಡ್ ಆಂಡ್ರಸ್. ಅವರು ಹುಟ್ಟಿದ್ದು 1805ರಲ್ಲಿ, ಈಶಾನ್ಯ ಅಮೆರಿಕದ ವರ್ಮಾಂಟ್ ರಾಜ್ಯದ ಕಾರ್ನ್‌ವಾಲ್ ಎಂಬ ಊರಿನಲ್ಲಿ. 1834ರಲ್ಲಿ ರಾಕ್ ನದಿಯ ಈ ತಿರುವನ್ನು ಕಂಡು ಅಲ್ಲಿ ಜಾಗ ಹಿಡಿದರು. ಜಾಗ ಹಿಡಿಯುವುದೆಂದರೆ ಆಗ ಕೊಳ್ಳುವುದಾಗಿರಲಿಲ್ಲ; ಸರಕಾರದ ಅಳತೆ ಮುಗಿದು ಭೂಮಿ ಮಾರಾಟಕ್ಕೆ ಬರುವ ಮೊದಲೇ ಬಂದು ನೆಲೆನಿಂತು, ಮುಂದೆ ಎಕರೆಗೆ 1.25 ಡಾಲರಿನಂತೆ ಹಣ ಕಟ್ಟಿ ಹಕ್ಕುಪತ್ರ ಪಡೆಯುವ ಭರವಸೆಯ ಮೇಲೆ ಮನೆ ಕಟ್ಟುವುದಾಗಿತ್ತು. ಹೆಚ್ಚಿನ ವಲಸಿಗರು ಹುಡುಕುತ್ತಿದ್ದುದು ಹೊಲವನ್ನು. ಆಂಡ್ರಸ್ ನೋಡಿದ್ದು ನೀರನ್ನು. ನದಿಗೆ ಒಡ್ಡು ಕಟ್ಟಿದರೆ ಮರ ಕೊಯ್ಯುವ ಗಿರಣಿಯನ್ನೂ ಹಿಟ್ಟಿನ ಗಿರಣಿಯನ್ನೂ ನಡೆಸಬಹುದು, ಇವೆರಡಿದ್ದ ಕಡೆ ಊರು ತಾನಾಗಿ ಬೆಳೆಯುತ್ತದೆ ಎಂಬ ಲೆಕ್ಕ ಅವರದು. ಆ ಕಾಲದ ಮಟ್ಟಿಗೆ ಇದು ಸರಿಯಾದ ಲೆಕ್ಕವೇ. ಹೊಸದಾಗಿ ಬಂದ ಸಂಸಾರಕ್ಕೆ ಮೊದಲು ಬೇಕಾದದ್ದು ಮನೆಗೆ ಹಲಗೆ. ಮೊದಲ ಸುಗ್ಗಿ ಬಂದ ಮೇಲೆ ಬೇಕಾದದ್ದು ಗೋಧಿ ಬೀಸುವ ಕಲ್ಲು. ಗಿರಣಿಗೆ ಸರದಿ ಕಾಯಲು ಬಂದವರಿಗಾಗಿ ಅಂಗಡಿ, ಉಳಿಯಲು ಛತ್ರದಂಥ ಮನೆ, ಕುದುರೆಗೆ ಲಾಳ ಕಟ್ಟಲು ಕಮ್ಮಾರ. ಇಲಿನಾಯ್, ಒಹಾಯೊ, ವಿಸ್ಕಾನ್ಸಿನ್‌ಗಳ ನೂರಾರು ನದೀತೀರದ ಊರುಗಳು ಹೀಗೆಯೇ ಹುಟ್ಟಿದವು. ಆಂಡ್ರಸ್ ಮತ್ತು ಅವರ ವರ್ಮಾಂಟ್ ಕಡೆಯ ಜೊತೆಗಾರರು ಬಂಡವಾಳ ಕೂಡಿಸಿ ಒಡ್ಡನ್ನೂ ಗಿರಣಿಯನ್ನೂ ಕಟ್ಟಿದರು. ಊರಿಗೆ ಒಬ್ಬ ಕಮ್ಮಾರನ ಕೊರತೆ ಇತ್ತು.

ಆ ಕೊರತೆ ತುಂಬಿದವರು ಜಾನ್ ಡೀರ್. ಅವರೂ ವರ್ಮಾಂಟ್‌ನವರೇ, 1804ರ ಫೆಬ್ರುವರಿ 7ರಂದು ರಟ್ಲೆಂಡ್‌ನಲ್ಲಿ ಹುಟ್ಟಿ ಮಿಡಲ್‌ಬರಿಯಲ್ಲಿ ಬೆಳೆದವರು. ತಂದೆ ದರ್ಜಿ. ಮಗನಿಗೆ ನಾಲ್ಕು ವರ್ಷವಿದ್ದಾಗ, 1808ರಲ್ಲಿ, ಇಂಗ್ಲೆಂಡಿಗೆ ಹಡಗು ಹತ್ತಿದ ತಂದೆ ಮರಳಿ ಬರಲೇ ಇಲ್ಲ. 1821ರಲ್ಲಿ ಹದಿನೇಳರ ಹುಡುಗ ಮಿಡಲ್‌ಬರಿಯ ಕಮ್ಮಾರನೊಬ್ಬನ ಬಳಿ ನಾಲ್ಕು ವರ್ಷದ ಕರಾರಿಗೆ ಕೆಲಸ ಕಲಿಯಲು ಸೇರಿದರು. ಕಲಿತರು, ಒಳ್ಳೆಯ ಕಸುಬುದಾರರೆನಿಸಿಕೊಂಡರು, 1827ರಲ್ಲಿ ಡೆಮೇರಿಯಸ್ ಲ್ಯಾಂಬ್ ಅವರನ್ನು ಮದುವೆಯಾದರು. ಆದರೆ ಕೈಹಿಡಿದ ಕಸುಬು ಹೊಟ್ಟೆ ತುಂಬಿಸಲಿಲ್ಲ. ಕಟ್ಟಿದ ಕುಲುಮೆ ಬೆಂಕಿಗೆ ಆಹುತಿಯಾಯಿತು, ಸಾಲ ಬೆಳೆಯಿತು, ಸಾಲ ತೀರಿಸದವರನ್ನು ಸೆರೆಮನೆಗೆ ಕಳಿಸಬಹುದಾಗಿದ್ದ ಕಾಲ ಅದು. 1836ರಲ್ಲಿ, ಗರ್ಭಿಣಿ ಹೆಂಡತಿಯನ್ನೂ ಮಕ್ಕಳನ್ನೂ ಊರಿನಲ್ಲೇ ಬಿಟ್ಟು, ಕಾಲುವೆಯ ದೋಣಿ, ಮಹಾಸರೋವರಗಳ ಹಡಗು, ಕೊನೆಗೆ ಕುದುರೆ ಗಾಡಿಗಳಲ್ಲಿ ಸಾಗಿ, ಅವರು ಗ್ರ್ಯಾಂಡ್ ಡಿಟೂರಿಗೆ ಬಂದರು. ಕೈಯಲ್ಲಿ 73 ಡಾಲರ್ ಇತ್ತೆಂದು ಹೇಳುತ್ತಾರೆ. ಮಗ ಚಾರ್ಲ್ಸ್ ಹುಟ್ಟಿದ್ದು ತಂದೆ ಊರು ಬಿಟ್ಟ ಮೇಲೆ, 1837ರ ಮಾರ್ಚ್‌ನಲ್ಲಿ. 1838ರಲ್ಲಿ ಡೆಮೇರಿಯಸ್ ಐದು ಮಕ್ಕಳನ್ನು ಕಟ್ಟಿಕೊಂಡು ಆ ದೂರವನ್ನೆಲ್ಲ ಕ್ರಮಿಸಿ ಬಂದಾಗಲೇ ತಂದೆ ಆ ಮಗನ ಮುಖ ನೋಡಿದ್ದು. ಎಳೆಗೂಸನ್ನು ಎತ್ತಿಕೊಂಡು ನಾಲ್ವರು ಮಕ್ಕಳನ್ನು ನಡೆಸಿಕೊಂಡು ಬಂದ ಆ ತಾಯಿಯ ಪಯಣದ ಬಗ್ಗೆ ಕಂಪನಿಯ ಚರಿತ್ರೆಗಳು ಒಂದು ಸಾಲಿಗಿಂತ ಹೆಚ್ಚು ಬರೆಯುವುದಿಲ್ಲ ಎಂಬುದನ್ನು ಇಲ್ಲಿ ಹೇಳದೆ ಮುಂದುವರಿಯಲು ನನಗೆ ಮನಸ್ಸಿಲ್ಲ.

ಗ್ರ್ಯಾಂಡ್ ಡಿಟೂರಿನಲ್ಲಿ ಅವರು ಮಾಡಿದ ಮೊದಲ ದೊಡ್ಡ ಕೆಲಸ ಆಂಡ್ರಸ್ ಅವರ ಗಿರಣಿಯಲ್ಲಿ ಗರಗಸವನ್ನು ಮೇಲೆ ಕೆಳಗೆ ಆಡಿಸುತ್ತಿದ್ದ ದಂಡ ಮುರಿದುಹೋಗಿದ್ದನ್ನು ಬೆಸೆದುಕೊಟ್ಟದ್ದು ಎಂಬ ಪ್ರತೀತಿ ಇದೆ. ಪ್ರತೀತಿ ಎಂದೇ ಇಟ್ಟುಕೊಂಡರೂ, ಆ ಎರಡು ಮನೆಗಳ ನಂಟು ಹೇಗಿತ್ತೆಂಬುದನ್ನು ಅದು ಸರಿಯಾಗಿ ತೋರಿಸುತ್ತದೆ. ಗಿರಣಿಯಿಲ್ಲದೆ ಕಮ್ಮಾರನಿಗೆ ಆ ಊರಿನಲ್ಲಿ ಕೆಲಸವಿಲ್ಲ, ಕಮ್ಮಾರನಿಲ್ಲದೆ ಗಿರಣಿ ನಿಂತರೆ ಮತ್ತೆ ತಿರುಗುವುದಿಲ್ಲ.

ಈಗ ಮಣ್ಣಿನ ಮಾತಿಗೆ ಬರೋಣ, ಏಕೆಂದರೆ ಈ ಹಳ್ಳಿಯ ಉದ್ಯಮ ಹುಟ್ಟಿದ್ದು ಮಣ್ಣಿನ ತೊಡಕಿನಿಂದ. ವರ್ಮಾಂಟ್‌ನಂಥ ಪೂರ್ವದ ಗುಡ್ಡಗಾಡಿನ ಮಣ್ಣು ಕಲ್ಲು ಮರಳು ಬೆರೆತ ತೆಳುವಾದ ಮಣ್ಣು. ನೆಲ ಸೀಳುವ ಗುಳವೂ ಸೀಳಿದ ಮಣ್ಣನ್ನು ಪಕ್ಕಕ್ಕೆ ಮಗುಚುವ ಬಾಗಿದ ರೆಕ್ಕೆಯೂ ಇರುವ ಎರಕದ ಕಬ್ಬಿಣದ ನೇಗಿಲು ಅದರಲ್ಲಿ ಸಲೀಸಾಗಿ ಓಡುತ್ತಿತ್ತು, ಮರಳು ಉಜ್ಜಿ ಉಜ್ಜಿ ನೇಗಿಲನ್ನು ತಾನೇ ಹೊಳಪಾಗಿಸುತ್ತಿತ್ತು. ಇಲಿನಾಯ್‌ನ ಹುಲ್ಲುಗಾವಲಿನ ಮಣ್ಣು ಬೇರೆ ಜಾತಿಯದು. ಸಾವಿರಾರು ವರ್ಷ ಹುಲ್ಲಿನ ಬೇರು ಕೊಳೆತು ಸೇರಿ ಕಪ್ಪಾದ, ಕಲ್ಲಿಲ್ಲದ, ಆಳವಾದ, ಒದ್ದೆಯಾದರೆ ಮೇಣದಂತೆ ಅಂಟುವ ಮಣ್ಣು. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ನಮ್ಮ ಗದಗ, ನವಲಗುಂದದ ಎರೆ ಹೊಲದಲ್ಲಿ ಕಾಲಿಟ್ಟವರಿಗೆ, ಹೆಜ್ಜೆ ಹೆಜ್ಜೆಗೂ ಭಾರವಾಗುವ ಕಾಲಿನ ಅನುಭವವಿರುವವರಿಗೆ, ಆ ತೊಡಕನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿದ್ದವು. ಮೊದಲನೆಯದು, ಆಳಕ್ಕೆ ಇಳಿದ ಹುಲ್ಲಿನ ಬೇರುಗಳು ಹೆಣೆದುಕೊಂಡ ಹೊದಿಕೆಯನ್ನು ಕತ್ತರಿಸಿ ಮಗುಚುವುದು. ಇದಕ್ಕೆ ಹಲವಾರು ಜೋಡಿ ಎತ್ತುಗಳನ್ನು ಕಟ್ಟಿ ಎಳೆಸುವ ದೈತ್ಯಾಕಾರದ ನೇಗಿಲುಗಳಿದ್ದವು, ಅವನ್ನು ಇಟ್ಟುಕೊಂಡು ಕೂಲಿಗೆ ಹೊಲ ಒಡೆದುಕೊಡುವವರೂ ಇದ್ದರು. ಎರಡನೆಯದು, ಹಾಗೆ ಒಮ್ಮೆ ಒಡೆದ ನೆಲವನ್ನು ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಉಳುವುದು. ನಿಜವಾದ ಕಷ್ಟ ಇದ್ದದ್ದು ಇಲ್ಲಿ. ಬೇರಿನ ಹಿಡಿತ ತಪ್ಪಿ ಸಡಿಲವಾದ ಕಪ್ಪು ಮಣ್ಣು ಒರಟಾದ ಎರಕದ ರೆಕ್ಕೆಗೆ ಮೆತ್ತಿಕೊಂಡು, ನಾಲ್ಕು ಹೆಜ್ಜೆ ಹೋಗುವುದರೊಳಗೆ ನೇಗಿಲು ಮಣ್ಣಿನ ಮುದ್ದೆಯಾಗಿ ಸಾಲು ಬಿಟ್ಟು ಮೇಲೇಳುತ್ತಿತ್ತು. ರೈತ ಮೇಣಿಗೆ ಒಂದು ಮರದ ಹಲಗೆಯನ್ನು ಕಟ್ಟಿಕೊಂಡು ಹೋಗಿ, ನಿಂತು ನಿಂತು ಮಣ್ಣು ಕೆರೆದು ಮತ್ತೆ ಹೂಡಬೇಕಿತ್ತು. ಇದರಿಂದ ಬೇಸತ್ತು, ಹೊಲ ಮಾರಿ ಪೂರ್ವಕ್ಕೆ ಮರಳುವ ಮಾತಾಡುತ್ತಿದ್ದವರು ಡೀರ್ ಅವರ ಕುಲುಮೆಗೆ ಗುಳ ಹಣಿಸಲು ಬರುತ್ತಿದ್ದ ಗಿರಾಕಿಗಳೇ. ಕಮ್ಮಾರನ ಕಟ್ಟೆಯ ಮೇಲೆ ಕುಳಿತು ರೈತರು ಹೇಳಿಕೊಳ್ಳುವ ಕಷ್ಟಕ್ಕಿಂತ ಒಳ್ಳೆಯ ಮಾರುಕಟ್ಟೆ ಸಮೀಕ್ಷೆ ಇನ್ನೊಂದಿಲ್ಲ.

1837ರಲ್ಲಿ ಅವರು ಇದಕ್ಕೊಂದು ಪರಿಹಾರ ಹುಡುಕಿದರು. ಆಂಡ್ರಸ್ ಅವರ ಗಿರಣಿಯಲ್ಲಿ ಮುರಿದು ಬಿದ್ದಿದ್ದ ಒಂದು ಗರಗಸದ ಅಲಗು, ಇಂಗ್ಲೆಂಡಿನ ಶೆಫೀಲ್ಡ್‌ನ ಉಕ್ಕು, ಅವರ ಕಣ್ಣಿಗೆ ಬಿತ್ತು ಎನ್ನುತ್ತಾರೆ. ಕೆಲಸದ ರೀತಿ ಹೀಗಿತ್ತು. ಮೊದಲು ಚಾಣ ಹಿಡಿದು, ಇನ್ನೊಬ್ಬರಿಂದ ಸುತ್ತಿಗೆಯ ಪೆಟ್ಟು ಕೊಡಿಸುತ್ತ ಅಲಗಿನ ಹಲ್ಲುಗಳನ್ನು ಕಡಿದು ಹಾಕಬೇಕು. ಅಷ್ಟು ದೊಡ್ಡ ತಗಡನ್ನು ಸಣ್ಣ ಕುಲುಮೆಯಲ್ಲಿ ಒಂದೇ ಸಲ ಕಾಯಿಸಲು ಬಾರದು. ಆದ್ದರಿಂದ ತಿದಿ ಊದುತ್ತ ಸ್ವಲ್ಪ ಸ್ವಲ್ಪ ಭಾಗವನ್ನೇ ಕೆಂಪಗೆ ಕಾಯಿಸಿ, ಬೇಕಾದ ಬಾಗಿನಲ್ಲಿ ಕೆತ್ತಿಟ್ಟುಕೊಂಡ ಮರದ ದಿಮ್ಮಿಯ ಮೇಲಿಟ್ಟು, ಹದವಾಗಿ ಬಡಿದು ಬಗ್ಗಿಸಬೇಕು. ಬಾಗು ಕೊಂಚ ಹೆಚ್ಚಾದರೆ ಮಣ್ಣು ಅಲ್ಲೇ ಕೂರುತ್ತದೆ, ಕಡಿಮೆಯಾದರೆ ಮಣ್ಣು ಮಗುಚಿ ಬೀಳುವುದಿಲ್ಲ. ಕೊನೆಗೆ ಮೈಯನ್ನು ಉಜ್ಜಿ ಉಜ್ಜಿ ನುಣುಪು ತರಬೇಕು. ಹೀಗೆ ಸಿದ್ಧವಾದ ನೇಗಿಲನ್ನು ನದಿಯಾಚೆ ಲೂಯಿಸ್ ಕ್ರ್ಯಾಂಡಲ್ ಎಂಬವರ ಹೊಲದಲ್ಲಿ ಹೂಡಿ ನೋಡಿದರು. ಮಣ್ಣು ರೆಕ್ಕೆಯ ಮೇಲೆ ಅಂಟದೆ ಜಾರಿ, ಸಾಲಿನ ಪಕ್ಕಕ್ಕೆ ಮಗುಚಿ ಬಿತ್ತು.

ಈ ಪ್ರಸಂಗದ ಸುತ್ತ ಅನೇಕ ಕತೆಗಳು ಬೆಳೆದಿವೆ, ಅವುಗಳನ್ನು ಸ್ವಲ್ಪ ಜರಡಿ ಹಿಡಿಯುವುದು ಅಗತ್ಯ. ಬಾಲ್ಯದಲ್ಲಿ ತಂದೆಯ ದರ್ಜಿ ಅಂಗಡಿಯಲ್ಲಿ ಸೂಜಿಗಳನ್ನು ಮರಳಿನಲ್ಲಿ ಉಜ್ಜಿ ನುಣುಪಾಗಿಸುತ್ತಿದ್ದ ನೆನಪೇ ಡೀರ್ ಅವರಿಗೆ ಹೊಳಪಿನ ನೇಗಿಲಿನ ಯೋಚನೆ ಕೊಟ್ಟಿತು ಎಂಬ ಕತೆ ಕೇಳಲು ಚೆನ್ನಾಗಿದೆ. ತಂದೆ ಮನೆ ಬಿಟ್ಟಾಗ ಮಗನಿಗೆ ನಾಲ್ಕೇ ವರ್ಷ ಎಂಬುದನ್ನು ನೆನೆದರೆ ಅದನ್ನು ನಂಬುವುದು ಕಷ್ಟ. ಉಕ್ಕಿನ ನೇಗಿಲನ್ನು ಮೊದಲು ಮಾಡಿದವರು ಡೀರ್ ಎಂಬ ಮಾತೂ ನಿಲ್ಲುವುದಿಲ್ಲ. ಅದೇ ಇಲಿನಾಯ್‌ನಲ್ಲಿ ಜಾನ್ ಲೇನ್ ಎಂಬ ಕಮ್ಮಾರರು 1833ರಲ್ಲೇ ಗರಗಸದ ಉಕ್ಕಿನ ಪಟ್ಟಿಗಳನ್ನು ಜೋಡಿಸಿ ನೇಗಿಲು ಮಾಡಿದ್ದರು. ಇನ್ನು ಡೀರ್ ಅವರು 1838ರಲ್ಲಿ ಜೋಸೆಫ್ ಬ್ರೈರ್ಟನ್ ಎಂಬ ರೈತರಿಗೆ ಮಾರಿದ್ದ ನೇಗಿಲೊಂದನ್ನು ಮಗ ಚಾರ್ಲ್ಸ್ 1901ರಲ್ಲಿ ಹುಡುಕಿ ಮರಳಿ ಪಡೆದರು, ಮತ್ತು 1938ರಿಂದ ಅದು ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ. ಅದನ್ನು ಪರೀಕ್ಷಿಸಿದಾಗ ಗುಳ ಉಕ್ಕಿನದೆಂದೂ ರೆಕ್ಕೆಯು ನುಣುಪಾಗಿಸಿದ ಮೆದು ಕಬ್ಬಿಣದ್ದೆಂದೂ ತಿಳಿದುಬಂತು. ಅಂದರೆ ಮುಖ್ಯವಾದದ್ದು ಲೋಹ ಒಂದೇ ಅಲ್ಲ, ಮೈಯ ನುಣುಪು ಮತ್ತು ರೆಕ್ಕೆಯ ಬಾಗು ಕೂಡ. ಇದರಿಂದ ಡೀರ್ ಅವರ ಕೀರ್ತಿ ಕುಗ್ಗುತ್ತದೆಂದು ನಾನು ಭಾವಿಸುವುದಿಲ್ಲ. ಹೊಸದನ್ನು ಒಮ್ಮೆ ಮಾಡಿ ತೋರಿಸುವುದಕ್ಕಿಂತ, ಅದನ್ನೇ ನೂರು ಸಲ, ಸಾವಿರ ಸಲ ಒಂದೇ ಗುಣದಲ್ಲಿ ಮಾಡಿ ರೈತನ ಕೈಗೆ ತಲಪಿಸುವುದು ಕಷ್ಟದ ಕೆಲಸ. ಲೇನ್ ಅದನ್ನು ಮಾಡಲಿಲ್ಲ. ಗ್ರ್ಯಾಂಡ್ ಡಿಟೂರ್ ಮಾಡಿತು.

ಬೆಳವಣಿಗೆಯ ಅಂಕಿಗಳು ಇದನ್ನು ಹೇಳುತ್ತವೆ. 1839ರಲ್ಲಿ ತಯಾರಾದ ನೇಗಿಲುಗಳು 10, 1840ರಲ್ಲಿ 40, 1841ರಲ್ಲಿ 75, 1842ರಲ್ಲಿ 100, 1843ರಲ್ಲಿ 400. ಮೊದಲ ವರ್ಷಗಳ ನಿಧಾನಕ್ಕೆ ಕಾರಣ ದೇಶದ ಪರಿಸ್ಥಿತಿ. ಊರು ಆಗಷ್ಟೇ ಕಣ್ಣು ಬಿಡುತ್ತಿದ್ದ 1837ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದು ಬಿದ್ದು, ವರ್ಷಗಟ್ಟಲೆ ನಗದು ಹಣವೇ ಕಾಣದಂತಾಯಿತು. ಸರಕಾರಿ ಭೂಮಿಗೆ ಚಿನ್ನ ಬೆಳ್ಳಿಯ ನಾಣ್ಯದಲ್ಲೇ ಹಣ ಕಟ್ಟಬೇಕೆಂದು 1836ರಲ್ಲಿ ಆಜ್ಞೆಯಾಗಿತ್ತು. ಹಾಗಾಗಿ ರೈತನ ಕೈಗೆ ಬಂದ ನಾಣ್ಯವೆಲ್ಲ ಭೂಮಿಯ ಕಚೇರಿಗೆ ಹೋಗಿ, ನೇಗಿಲಿಗೆ ಉಳಿಯುತ್ತಿದ್ದುದು ಧಾನ್ಯ ಇಲ್ಲವೇ ಕಡದ ಮಾತು. ಇಂಥ ಹೊತ್ತಿನಲ್ಲೂ ಡೀರ್ ಒಂದು ಹೊಸ ದಾರಿ ಹಿಡಿದರು. ಅಂದಿನ ಕಮ್ಮಾರರು ಗಿರಾಕಿ ಬಂದು ಹೇಳಿದ ಮೇಲೆಯೇ ನೇಗಿಲು ಮಾಡುತ್ತಿದ್ದರು. ಡೀರ್ ಮೊದಲೇ ಮಾಡಿಟ್ಟು, ಗಾಡಿಯಲ್ಲಿ ಹೇರಿ ಊರೂರಿಗೆ ಒಯ್ದು, ರೈತನ ಹೊಲದಲ್ಲೇ ಹೂಡಿ ತೋರಿಸಿ ಮಾರಿದರು. ಕುಲುಮೆ ಕಾರ್ಖಾನೆಯಾದದ್ದು ಈ ಒಂದು ಬದಲಾವಣೆಯಿಂದ ಎಂದು ನನಗೆ ತೋರುತ್ತದೆ.

ಇಲ್ಲಿ ನಮ್ಮ ನಾಡಿನ ಒಂದು ನೆನಪು ಅಪ್ರಸ್ತುತವಾಗಲಾರದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ ಮಾಡಿ, 1903ರಲ್ಲಿ ಕಬ್ಬಿಣದ ನೇಗಿಲಿಗೆ ಕೈಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರಿಗೆ ತಮ್ಮ ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆಂಬ ಅಂಜಿಕೆ ರೈತರಲ್ಲಿತ್ತು. ಅದಕ್ಕೂ ನೂರು ವರ್ಷ ಹಿಂದೆ, ಎರಕದ ನೇಗಿಲು ಹೊಸದಾಗಿ ಬಂದಾಗ, ಅಮೆರಿಕದ ಪೂರ್ವ ತೀರದ ರೈತರೂ ಇದೇ ಮಾತಾಡಿದ್ದರು. ಇದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಇಡೀ ವರ್ಷದ ಅನ್ನ ಒಂದು ಸಲಕರಣೆಯ ಮೇಲೆ ನಿಂತಿರುವಾಗ ಯಾರೇ ಆದರೂ ಕಣ್ಣಾರೆ ಕಂಡ ಮೇಲೆಯೇ ನಂಬುತ್ತಾರೆ. ಹೊಲಕ್ಕೇ ಹೋಗಿ ಹೂಡಿ ತೋರಿಸುವ ಡೀರ್ ಅವರ ಕ್ರಮಕ್ಕೆ ಬೆಲೆ ಬಂದದ್ದು ಇದರಿಂದ. ಅಂದಹಾಗೆ, 1910ರಲ್ಲಿ ಕಿರ್ಲೋಸ್ಕರ್ ಅವರು ಬೆಳಗಾವಿ ಬಿಟ್ಟು ಔಂಧ್ ಸಂಸ್ಥಾನದ ಆಶ್ರಯದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ನೇಗಿಲಿನ ಕಾರ್ಖಾನೆಯೊಂದು ಹುಟ್ಟಿದ ಊರಿನಿಂದ ಹೊರನಡೆಯುವ ಪ್ರಸಂಗ ಎರಡೂ ಕಡೆ ಇದೆ, ಕಾರಣಗಳು ಬೇರೆಯಾದರೂ.

1843ರಲ್ಲಿ ಆಂಡ್ರಸ್ ಮತ್ತು ಡೀರ್ ಪಾಲುದಾರರಾದರು. ಒಬ್ಬರದು ಬಂಡವಾಳ ಮತ್ತು ವ್ಯವಹಾರದ ನಂಟು, ಇನ್ನೊಬ್ಬರದು ಕೈಚಳಕ. ಹೊಸ ಕಟ್ಟಡ ಎದ್ದಿತು, ಕೆಲಸಗಾರರು ಬಂದರು, ಅವರ ಸಂಸಾರಗಳಿಗಾಗಿ ಮನೆಗಳು, ಅಂಗಡಿಗಳು ಹೆಚ್ಚಿದವು. ಮುರಿದ ಗರಗಸಗಳನ್ನು ಆಯ್ದು ಮಾಡುವ ಕಾಲ ಮುಗಿದು, ಶೆಫೀಲ್ಡ್‌ನಿಂದಲೇ ಉಕ್ಕು ತರಿಸುವ ಕಾಲ ಬಂತು. ಆ ಉಕ್ಕಿನ ದಾರಿಯನ್ನು ಒಮ್ಮೆ ಊಹಿಸಿಕೊಳ್ಳಿ: ಇಂಗ್ಲೆಂಡಿನ ಬಂದರಿನಿಂದ ಅಟ್ಲಾಂಟಿಕ್ ದಾಟಿ, ಒಳನಾಡಿನ ನದಿಗಳ ಉಗಿದೋಣಿ ಹತ್ತಿ, ಕೊನೆಗೆ ರಸ್ತೆ ಎಂಬ ಹೆಸರಿನ ಕೆಸರಿನಲ್ಲಿ ಎತ್ತಿನ ಗಾಡಿಯ ಮೇಲೆ ಗ್ರ್ಯಾಂಡ್ ಡಿಟೂರಿಗೆ. 1846ರಲ್ಲಿ ಪಿಟ್ಸ್‌ಬರ್ಗ್‌ನ ಜೋನ್ಸ್ ಆ್ಯಂಡ್ ಕ್ವಿಗ್ ಎಂಬ ಕಾರ್ಖಾನೆ ಡೀರ್ ಅವರಿಗಾಗಿಯೇ ನೇಗಿಲಿನ ಉಕ್ಕನ್ನು ಎರೆದು ತಗಡು ಮಾಡಿಕೊಟ್ಟಿತು. ಸಮುದ್ರ ಯಾನ ತಪ್ಪಿತು, ಆದರೆ ಕೊನೆಯ ಗಾಡಿ ದಾರಿ ತಪ್ಪಲಿಲ್ಲ. ರಾಕ್ ನದಿಯ ನೀರು ಬೇಸಿಗೆಯಲ್ಲಿ ತೆಳುವಾಗುತ್ತದೆ, ತಳ ಮರಳಿನದು, ಭಾರದ ಹಡಗು ನಂಬಿಕೆಯಿಂದ ಬರುವ ನದಿ ಅದಲ್ಲ. ನೂರು ನೇಗಿಲು ಮಾಡುವಾಗ ಇದು ತೊಂದರೆ. ಸಾವಿರ ನೇಗಿಲು ಮಾಡುವಾಗ ಇದೇ ತಡೆಗೋಡೆ. ಉಕ್ಕು, ಕಲ್ಲಿದ್ದಲು ಒಳಗೆ ಬರುವುದಕ್ಕೂ ನೇಗಿಲು ಹೊರಗೆ ಹೋಗುವುದಕ್ಕೂ ಒಂದೇ ಕೆಸರು ದಾರಿ.

ಈ ವಿಷಯದಲ್ಲಿ ಇಬ್ಬರು ಪಾಲುದಾರರ ಹಿತ ಒಂದೇ ಆಗಿರಲಿಲ್ಲ. ಆಂಡ್ರಸ್ ಅವರಿಗೆ ಊರೇ ಆಸ್ತಿ. ಒಡ್ಡು, ಗಿರಣಿ, ನಿವೇಶನಗಳು, ಎಲ್ಲವೂ ಆ ತಿರುವಿನಲ್ಲೇ ಇದ್ದವು. ಡೀರ್ ಅವರ ಆಸ್ತಿ ಅವರ ಕಸುಬು. ಅದನ್ನು ಎಲ್ಲಿಗೂ ಒಯ್ಯಬಹುದಿತ್ತು. 1848ರಲ್ಲಿ ಪಾಲುದಾರಿಕೆ ಮುರಿಯಿತು. ಡೀರ್ ಸುಮಾರು ನೂರು ಕಿಲೋಮೀಟರ್ ದೂರದ, ಮಿಸಿಸಿಪ್ಪಿಯ ದಡದ ಮೊಲೀನ್ ಎಂಬ ಊರಿಗೆ ಹೋಗಿ, ರಾಬರ್ಟ್ ಟೇಟ್ ಮತ್ತು ಜಾನ್ ಗೋಲ್ಡ್ ಅವರೊಡನೆ ಹೊಸ ಕಾರ್ಖಾನೆ ತೆರೆದರು. ಮೊಲೀನ್‌ನಲ್ಲಿ ದಡಕ್ಕೂ ರಾಕ್ ಐಲೆಂಡ್ ಎಂಬ ನಡುಗಡ್ಡೆಗೂ ನಡುವೆ ಡೇವಿಡ್ ಸಿಯರ್ಸ್ ಮೊದಲಾದವರು ಒಡ್ಡು ಕಟ್ಟಿದ್ದರು, ಹತ್ತಿರದಲ್ಲೇ ಕಲ್ಲಿದ್ದಲು, ಮುಂದೆಯೇ ಉಗಿದೋಣಿಗಳ ಹೆದ್ದಾರಿಯಂತಿದ್ದ ಮಹಾನದಿ. ಬಲವೂ ದಾರಿಯೂ ಒಂದೇ ಕಡೆ. 1849ರಲ್ಲಿ, ಅಂದರೆ ಹೊಸ ಊರಿನ ಮೊದಲ ಪೂರ್ಣ ವರ್ಷದಲ್ಲಿ, ಸುಮಾರು 16 ಕೆಲಸಗಾರರು 2,136 ನೇಗಿಲುಗಳನ್ನು ಮಾಡಿದರು. 1854ರಲ್ಲಿ ಶಿಕಾಗೊದಿಂದ ಬಂದ ರೈಲು ಆ ದಡವನ್ನು ಮುಟ್ಟಿತು, 1856ರಲ್ಲಿ ರಾಕ್ ಐಲೆಂಡ್‌ನಿಂದ ಮಿಸಿಸಿಪ್ಪಿಗೆ ಅಡ್ಡಲಾಗಿ ಮೊದಲ ರೈಲು ಸೇತುವೆ ಬಂತು.

ಡೀರ್ ಹೋದೊಡನೆ ಗ್ರ್ಯಾಂಡ್ ಡಿಟೂರ್ ಮುಳುಗಿತು ಎಂದು ಬರೆಯುವುದುಂಟು. ಅದು ತಪ್ಪು, ಮತ್ತು ಆಂಡ್ರಸ್ ಅವರಿಗೆ ಮಾಡುವ ಅನ್ಯಾಯ. ಅವರು ಅದೇ ಊರಿನಲ್ಲಿ ನೇಗಿಲಿನ ಕಾರ್ಖಾನೆಯನ್ನು ಇನ್ನೂ ಸುಮಾರು ಎರಡು ದಶಕ ನಡೆಸಿದರು. ಮುಂದೆ ಥೆರಾನ್ ಕ್ಯೂಮಿನ್ಸ್ ಅವರ ಪಾಲುದಾರರಾದರು. ಗ್ರ್ಯಾಂಡ್ ಡಿಟೂರ್ ನೇಗಿಲಿಗೆ ರೈತರಲ್ಲಿ ತನ್ನದೇ ಹೆಸರಿತ್ತು. ಊರಿನಲ್ಲಿ 1850ರ ಹೊತ್ತಿಗೆ ಕಲ್ಲಿನ ಚಿಕ್ಕ ಚರ್ಚೊಂದು ಎದ್ದಿತು, ಅದು ಈಗಲೂ ಇದೆ. ಹೊಡೆತ ಬಿದ್ದದ್ದು ರೈಲಿನಿಂದ. 1850ರ ದಶಕದ ಮಧ್ಯದಲ್ಲಿ ಇಲಿನಾಯ್ ಸೆಂಟ್ರಲ್ ರೈಲುಮಾರ್ಗವು ಹತ್ತು ಕಿಲೋಮೀಟರ್ ಕೆಳಗಿನ ಡಿಕ್ಸನ್ ಮೂಲಕ ಹಾದುಹೋಯಿತು. ಜಾನ್ ಡಿಕ್ಸನ್ ಎಂಬವರು 1830ರಿಂದ ದಾಟುದೋಣಿ ನಡೆಸುತ್ತಿದ್ದ ಆ ಊರು, ಹಳೆಯ ಹಾದಿಗಳು ನದಿಯನ್ನು ದಾಟುವ ಜಾಗ. ಹೊಸ ಹಾದಿಯೂ ಅಲ್ಲೇ ದಾಟಿತು. ನದಿಯ ಸುತ್ತಿನೊಳಗೆ ಸಿಕ್ಕಿಕೊಂಡ ಹಳ್ಳಿಯ ಕಡೆ ರೈಲು ತಿರುಗಲಿಲ್ಲ. 1867ರಲ್ಲಿ ಆಂಡ್ರಸ್ ತೀರಿಕೊಂಡರು. 1869ರಲ್ಲಿ ಕಾರ್ಖಾನೆಯನ್ನು ಡಿಕ್ಸನ್‌ಗೆ ಸ್ಥಳಾಂತರಿಸಲಾಯಿತು. ಹೆಸರು ಮಾತ್ರ ಗ್ರ್ಯಾಂಡ್ ಡಿಟೂರ್ ಎಂದೇ ಉಳಿಯಿತು; ಊರಿನಿಂದ ಉದ್ಯಮ ಹೋದರೂ ಊರಿನ ಹೆಸರು ನೇಗಿಲುಗಳ ಮೇಲೆ ಹೊಲದಿಂದ ಹೊಲಕ್ಕೆ ಸಂಚರಿಸಿತು.

ಈ ಉದ್ಯಮದಿಂದ ನೆಲಕ್ಕೆ ಏನಾಯಿತೆಂಬುದನ್ನೂ ಹೇಳಬೇಕು. ಇಲಿನಾಯ್ ರಾಜ್ಯದಲ್ಲಿ ಒಂದು ಕಾಲಕ್ಕೆ ಎರಡು ಕೋಟಿ ಎಕರೆಗೂ ಹೆಚ್ಚು ಹುಲ್ಲುಗಾವಲಿತ್ತು. ಅದರ ಮೂಲ ಸ್ವರೂಪದಲ್ಲಿ ಇಂದು ಉಳಿದಿರುವುದು ನೂರಕ್ಕೆ ಒಂದು ಪಾಲಿಗಿಂತ ಬಹಳ ಕಡಿಮೆ, ಅದೂ ಹಳೆಯ ಸ್ಮಶಾನಗಳ ಮತ್ತು ರೈಲು ಹಳಿಗಳ ಅಂಚಿನಂಥ ನೇಗಿಲು ತಾಗದ ಕಡೆಗಳಲ್ಲಿ. ಲೋಕಕ್ಕೆ ಹೇರಳವಾಗಿ ಗೋಧಿ, ಮೆಕ್ಕೆಜೋಳ ಕೊಟ್ಟದ್ದೂ ಆ ನೇಗಿಲೇ, ಸಾವಿರಾರು ವರ್ಷದ ಹುಲ್ಲಿನ ನೆಲವನ್ನು ಎರಡು ಮೂರು ತಲೆಮಾರುಗಳಲ್ಲಿ ಮಗುಚಿ ಮುಗಿಸಿದ್ದೂ ಅದೇ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಚರಿತ್ರೆಯಾಗುವುದಿಲ್ಲ.

ಹಳ್ಳಿಯಲ್ಲಿ ಡೀರ್ ಅವರು 1836ರಲ್ಲಿ ಕಟ್ಟಿದ ಮನೆ ಉಳಿದುಕೊಂಡಿತು, ಕುಲುಮೆ ಮಣ್ಣಿನಡಿ ಸೇರಿತು. 1962ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪುರಾತತ್ತ್ವ ತಂಡವು ಅಲ್ಲಿ ಉತ್ಖನನ ನಡೆಸಿ ಕುಲುಮೆ ಇದ್ದ ಜಾಗವನ್ನು ಗುರುತಿಸಿತು. ತೆಗೆದ ಗುಂಡಿಯನ್ನು ಮತ್ತೆ ಮುಚ್ಚದೆ, ಅದರ ಮೇಲೊಂದು ಕಟ್ಟಡ ಕಟ್ಟಿ, ನೋಡಬಂದವರಿಗೆ ತೆರೆದಿಟ್ಟಿದ್ದಾರೆ; ಪಕ್ಕದಲ್ಲಿ ಹಳೆಯ ಮಾದರಿಯ ಕುಲುಮೆಯನ್ನು ಮತ್ತೆ ಕಟ್ಟಿ ಕಮ್ಮಾರ ಕೆಲಸವನ್ನು ಮಾಡಿ ತೋರಿಸುತ್ತಾರೆ. 1964ರಲ್ಲಿ ಆ ಜಾಗವನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಸಾರಲಾಯಿತು.

ಡೀರ್ ಮತ್ತು ಆಂಡ್ರಸ್ ಅವರ ಎರಡೂ ಉದ್ಯಮಗಳು ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಮ್ಮೆ ಎದುರುಬದುರಾದವು. ಎತ್ತು ಕುದುರೆಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂದಾಗ, ನೇಗಿಲು ಮಾಡುವವರಿಗೆ ಟ್ರ್ಯಾಕ್ಟರ್ ಬೇಕಾಯಿತು, ಟ್ರ್ಯಾಕ್ಟರ್ ಮಾಡುವವರಿಗೆ ನೇಗಿಲು ಬೇಕಾಯಿತು. 1918ರಲ್ಲಿ ಡೀರ್ ಕಂಪನಿಯು ಅಯೋವಾದ ವಾಟರ್ಲೂ ಎಂಬಲ್ಲಿದ್ದ ಎಂಜಿನ್ ಕಾರ್ಖಾನೆಯನ್ನು ಕೊಂಡು ಟ್ರ್ಯಾಕ್ಟರ್ ವ್ಯಾಪಾರಕ್ಕೆ ಇಳಿಯಿತು. ಮರುವರ್ಷ, 1919ರಲ್ಲಿ, ಒಕ್ಕಣೆ ಯಂತ್ರ ಮತ್ತು ಟ್ರ್ಯಾಕ್ಟರುಗಳಿಗೆ ಹೆಸರಾಗಿದ್ದ ವಿಸ್ಕಾನ್ಸಿನ್‌ನ ಜೆ. ಐ. ಕೇಸ್ ಕಂಪನಿಯು, ತನ್ನ ಟ್ರ್ಯಾಕ್ಟರುಗಳ ಹಿಂದೆ ಹೂಡಲು ಒಳ್ಳೆಯ ನೇಗಿಲನ್ನು ಹುಡುಕುತ್ತ ಬಂದು, ಆಂಡ್ರಸ್ ಬಿಟ್ಟುಹೋಗಿದ್ದ ಗ್ರ್ಯಾಂಡ್ ಡಿಟೂರ್ ನೇಗಿಲಿನ ಕಂಪನಿಯನ್ನು ಕೊಂಡುಕೊಂಡಿತು.